ಚಿಕ್ಕಪ್ಪನ ತಿಥಿ ನೋಡಿದ್ದು

ಈ ಪ್ರಸಂಗದಲ್ಲಿ ಪೆದ್ದ ಯಾರೆಂದು ನೀವು ಹುಡುಕುವುದು ಬೇಡ, ನಾನೇ. ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವ ಮಿಮಿಕ್ರಿಯವನನ್ನು ಎಲ್ಲಾದರೂ ಕಂಡಿದ್ದೀರಾ? ದೆವ್ವ, ಗಾಳಿ, ಸೋಂಕು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ದೆವ್ವದ ದನಿ ತೆಗೆಯಲು ನನಗೇ ಬರುತ್ತಿದ್ದುದರಿಂದ ಅದರ ಮೇಲೆ ಗೌರವವೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಕಲಿಯುತ್ತಿದ್ದೆ, ಮೇಷ್ಟ್ರು ಬರದ ದಿನ ಕಲಿಸುತ್ತಲೂ ಇದ್ದೆ. ಅಲ್ಲಿಗೆ ಯಾರೋ ಒಂದು ಫ್ಲಾಪಿ ತಂದರು. ತಾರೀಕು ಹಾಕಿ, ಊರಿನ ಅಕ್ಷಾಂಶ ರೇಖಾಂಶ ಹಾಕಿ ಎಂಟರ್ ಒತ್ತಿದರೆ ಆ ರಾತ್ರಿಯ ಚಂದ್ರ ಪರದೆಯ ಮೇಲೆ ಬರುತ್ತಿದ್ದ. ಎಷ್ಟು ಬೆಳಗಿದ್ದಾನೆ, ಯಾವಾಗ ಹುಟ್ಟುತ್ತಾನೆ, ಯಾವಾಗ ಮುಳುಗುತ್ತಾನೆ, ಎಲ್ಲ. ನಾನು ನಮ್ಮ ಬೀದಿಯ ಪುರೋಹಿತರ ಮೂಗಿನ ದನಿ ತೆಗೆದು ಬಂದವರನ್ನೆಲ್ಲ ಕಾಡುತ್ತಿದ್ದೆ: "ಯಾರ ತಿಥಿಯಪ್ಪಾ? ನೋಡ್ಬೇಕೋ, ಮಾಡೇ ಬಿಡ್ಬೇಕೋ?"

ರಾಗಿಗುಡ್ಡದ ದೊಡ್ಡಪ್ಪ ಒಮ್ಮೆ ಕ್ಲಾಸಿಗೆ ಬಂದಾಗಲೂ ಅದನ್ನೇ ಅಂದೆ. ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. "ನಿನ್ ಚಿಕ್ಕಪ್ಪಂದು ನೋಡು" ಅಂದರು.

ಚಿಕ್ಕಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಒಂದು ಸಂಜೆ ನೈಟ್ ಶಿಫ್ಟಿಗೆಂದು ಸೈಕಲ್ ಹತ್ತಿ ಹೋದವರು ಕಾರ್ಖಾನೆಗೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಹೊಳೆಯಲ್ಲೆಲ್ಲ ಹುಡುಕಿಸಿದ್ದಾಯಿತು. ಹನ್ನೆರಡು ವರ್ಷ ದಾಟಿದರೆ ದರ್ಭೆಯ ಗೊಂಬೆ ಸುಟ್ಟು ಕರ್ಮ ಮುಗಿಸಬಹುದು ಎಂಬುದು ನಮ್ಮಲ್ಲಿ ನಡೆದುಬಂದದ್ದು; ಅದೂ ದಾಟಿತ್ತು. ದೊಡ್ಡಪ್ಪನ ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪುತ್ತಿದ್ದವು. ಮನೆಯ ಜೀವವೊಂದು ಪಿಂಡವಿಲ್ಲದೆ ಅಲೆಯುತ್ತಿದೆ ಎಂದು ಜೋಯಿಸರು ಹೇಳಿದ್ದರು. ಅಡ್ಡ ನಿಂತವಳು ಚಿಕ್ಕಮ್ಮ ಒಬ್ಬಳೇ. ಕರ್ಮ ಮುಗಿದರೆ ಅವಳು ತಾಳಿ ತೆಗೆಯಬೇಕು, ಕುಂಕುಮ ಅಳಿಸಬೇಕು.

ದೊಡ್ಡಪ್ಪನೇ ಪೊಲೀಸರಿಗೆ ದೂರು ಕೊಟ್ಟವರಾದ್ದರಿಂದ ಇಂಗ್ಲಿಷ್ ತಾರೀಕು ಅವರಿಗೆ ಬಾಯಿಪಾಠ. ತಿಥಿ ಮಾತ್ರ ಗೊತ್ತಿರಲಿಲ್ಲ. ತಿಥಿ ಗೊತ್ತಿಲ್ಲದವರಿಗೆ ಅಮಾವಾಸ್ಯೆ ಆಗುತ್ತದೆ ಎಂದರೆ ಚಿಕ್ಕಮ್ಮ, "ಬೆಳದಿಂಗಳಲ್ಲಿ ಹೋದೋರಿಗೆ ಅಮಾವಾಸ್ಯೆನಾ? ತಿರುವಿನ ತನಕ ಅವ್ರ ನೆರಳು ನೋಡ್ತಾ ನಿಂತಿದ್ದೆ" ಎನ್ನುತ್ತಿದ್ದಳು.

ತಾರೀಕು ಹಾಕಿದೆ. ಪರದೆಯ ಮೇಲೆ ಕಪ್ಪು ಬಿಲ್ಲೆ. ಸುಡುಗಾಡಿನಂಥ ಅಮಾವಾಸ್ಯೆ. ಊರು ಬದಲಿಸಿದರೆ ಚಂದ್ರ ಹುಟ್ಟುವ ಮುಳುಗುವ ಹೊತ್ತು ಬದಲಾಗುತ್ತದೆಯೇ ಹೊರತು ಭದ್ರಾವತಿಯ ಅಮಾವಾಸ್ಯೆ ಅಮೆರಿಕದಲ್ಲಿ ಹುಣ್ಣಿಮೆಯಾಗುವುದಿಲ್ಲ.

"ನೀನೇ ಹೋಗಿ ಹೇಳು. ನಿನ್ ಮಾತಿಗಾದ್ರೂ ನಗ್ತಾಳೆ" ಎಂದರು ದೊಡ್ಡಪ್ಪ. ಹೋದೆ. ನಾನು ಭದ್ರಾವತಿಗೆ ಹೋದ ದಿನವೂ ಅಮಾವಾಸ್ಯೆಯೇ. ಹೊರಡಬೇಡ ಎಂದ ಅಮ್ಮನಿಗೆ ಅಮ್ಮನದೇ ದನಿಯಲ್ಲಿ ಬೈದು ಬಸ್ಸು ಹತ್ತಿದ್ದೆ.

ಚಿಕ್ಕಮ್ಮ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು. ನಗಲಿಲ್ಲ. "ಕಾರ್ಖಾನೆಯವ್ರು ಕುದಿಯೋ ಕಿಟ್ಟ ಸುರಿದಾಗ ಆಕಾಶ ಬೆಳಗುತ್ತಲ್ಲ, ಅದನ್ನೇ ನೋಡಿರ್ತೀಯ" ಎಂದೆ.

"ಕಿಟ್ಟದ ಬೆಳಕು ಕೆಂಪಗಿರುತ್ತೆ ಮಾರಾಯ. ಇದೇ ಕ್ವಾರ್ಟರ್ಸಲ್ಲಿ ಮುದುಕಿ ಆಗ್ತಿದೀನಿ, ನಂಗೆ ಗೊತ್ತಿಲ್ವಾ?"

ಕತ್ತಲಾಗುತ್ತಿದ್ದಂತೆ ಕರೆಂಟ್ ಹೋಯಿತು. ಚಿಕ್ಕಮ್ಮ ಒಳಗೆ ಒಲೆಯ ಮುಂದೆ, ನಾನು ಹೊರಗೆ ಮೆಟ್ಟಿಲ ಮೇಲೆ. ಅವಳನ್ನು ಹೇಗಾದರೂ ನಗಿಸೋಣವೆಂದು ಪುರೋಹಿತರ ಮಂತ್ರ ಶುರುಮಾಡಿದ್ದೆ. ಆಗ ಎದುರಿನ ಗೋಡೆ ಬೆಳ್ಳಗಾಯಿತು. ಲಾರಿಯ ದೀಪ ಅಂದುಕೊಂಡೆ. ಲಾರಿಯ ದೀಪ ಸರಿಯುತ್ತದೆ, ಇದು ನಿಂತಿತ್ತು. ಬಟ್ಟೆ ಹಗ್ಗದ ನೆರಳು, ಅದಕ್ಕೆ ಕಚ್ಚಿಸಿದ ಒಂದೊಂದು ಕ್ಲಿಪ್ಪಿನ ನೆರಳು ಗೋಡೆಯ ಮೇಲೆ ಬಿದ್ದಿತ್ತು. ಮೇಲೆ ನೋಡಿದೆ. ನಕ್ಷತ್ರ ಬಿಟ್ಟರೆ ಏನಿಲ್ಲ. ಕಾರ್ಖಾನೆಯ ಕಡೆಯೂ ಕತ್ತಲು.

ಮತ್ತೆ ಗೋಡೆ ನೋಡಿದಾಗ ಒಂದು ನೆರಳು ಚಲಿಸುತ್ತಿತ್ತು. ಸೈಕಲ್ ತಳ್ಳಿಕೊಂಡು ಬರುವ ಗಂಡಸಿನದು. ಓಣಿಯಲ್ಲಿ ಸೈಕಲ್ಲೂ ಇಲ್ಲ, ಗಂಡಸೂ ಇಲ್ಲ. ಆ ಗೋಡೆಯ ಮೇಲೆ ಎಲ್ಲದರ ನೆರಳಿತ್ತು, ಅಲ್ಲೇ ಕೂತಿದ್ದ ನನ್ನದೊಂದು ಇರಲಿಲ್ಲ. ಯಾರ ದನಿ ಬೇಕಾದರೂ ತೆಗೆಯುವ ನನಗೆ ನನ್ನ ದನಿಯೇ ಸಿಗಲಿಲ್ಲ. ನೆರಳು ಚಿಕ್ಕಮ್ಮನ ಬಾಗಿಲ ನೇರಕ್ಕೆ ಬಂದು ಗೋಡೆಯಿಂದ ಹೊರಟುಹೋಯಿತು.

ಒಳಗಿನಿಂದ ಚಿಕ್ಕಮ್ಮನ ಮೆಲ್ಲನೆಯ ಮಾತು ಕೇಳಿಸಿತು: "ಕೈಕಾಲು ತೊಳ್ಕೊಳ್ಳಿ, ಬಡಿಸ್ತೀನಿ."

ನಾನು ಓಡಿದೆ. ಪಕ್ಕದ ಮನೆಯ ಜಗಲಿಯಲ್ಲಿ ಕೂತು, ಏನೂ ಆಗದವನಂತೆ, ಕರೆಂಟ್ ಯಾವಾಗ ಬರುತ್ತೆ ಎಂದು ಕೇಳಿದೆ. ಅದು ಬಂದ ಮೇಲೇ ವಾಪಸು ಹೋದದ್ದು. ಚಿಕ್ಕಮ್ಮ ಎರಡು ಎಂಜಲು ತಟ್ಟೆ ತೊಳೆಯುತ್ತಿದ್ದಳು. ನಾನಿನ್ನೂ ಊಟ ಮಾಡಿರಲಿಲ್ಲ.

ಆಮೇಲೆ ಬೇರೆ ಬೇರೆ ಕಂಪ್ಯೂಟರಿನಲ್ಲಿ ಆ ಎರಡೂ ತಾರೀಕು ಹಾಕಿ ನೋಡಿದ್ದೇನೆ. ಎರಡೂ ಅಮಾವಾಸ್ಯೆ. ಎಲ್ಲೋ ವೆಲ್ಡಿಂಗ್ ನಡೆದಿರಬೇಕು ಎಂದ ಒಬ್ಬ. ವೆಲ್ಡಿಂಗ್ ಬೆಳಕು ಮಿಣುಕುತ್ತದೆ. ಹೆದರಿದ್ದೆ ಎಂದ ಇನ್ನೊಬ್ಬ. ಹೆದರಿದ್ದು ನಿಜ, ಆದರೆ ನೆರಳು ಕಂಡ ಮೇಲೆ. ನನಗಂತೂ ಇಂದಿಗೂ ಬಗೆಹರಿದಿಲ್ಲ.

ಆ ರಾತ್ರಿಯ ಮರುದಿನ ಬೆಳಿಗ್ಗೆಯೇ ದೊಡ್ಡಪ್ಪ ಪುರೋಹಿತರನ್ನು ಕರೆದುಕೊಂಡು ಬಂದಿಳಿದರು. "ತಿಥಿ ಗೊತ್ತಾಯ್ತಲ್ಲಮ್ಮ, ಇನ್ನೇನು ತಕರಾರು? ಮುಂದಿನ ಅಮಾವಾಸ್ಯೆಗೆ ಮುಗಿಸಿಬಿಡೋಣ. ಏನೋ, ಹೇಳೋ ನೀನು" ಎಂದು ನನ್ನ ಕಡೆ ತಿರುಗಿದರು. ಆಗ ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಆಡಿದ ಮಾತು ಇಷ್ಟೇ. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಎತ್ತಿಲ್ಲ.

"ನಿನ್ನೆ ಊಟ ಮಾಡ್ಕೊಂಡು ಹೋದೋರಿಗೆ ಪಿಂಡ ಯಾಕಿಡ್ತೀರಿ, ಭಾವ?"