ಮೊಟ್ಟೆಯ ಸುತ್ತ ಇಟ್ಟ ಕಲ್ಲು

ಬೆಳಗಿನ ಆರಕ್ಕೇ ಮೋಟಾರು ದೋಣಿ ಕೆಮ್ಮಿ ಕೆಮ್ಮಿ ಚಾಲೂ ಆಗುವ ಸದ್ದು ಬಸವೇಶ್ವರಿಯವರ ಅಂಗಳಕ್ಕೆ ಬರುತ್ತದೆ. ಭೀಮಾ ನದಿಯ ನಡುಗಡ್ಡೆಗೆ ಜನರನ್ನು ಒಯ್ಯುವ ದೋಣಿ ಅದು. ಹೋದ ವರ್ಷದ ತನಕ ಆ ಹೊತ್ತಿನಲ್ಲಿ ಹೊಳೆಹಕ್ಕಿಗಳ ಕೂಗು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸನ್ನತಿಯ ಹತ್ತಿರದ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುವ ಅವರನ್ನು ಊರೆಲ್ಲ ಅಕ್ಕೋರು ಎನ್ನುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳದಿ ಕೊಕ್ಕಿನ ಆ ಹಕ್ಕಿಗಳು ನಡುಗಡ್ಡೆಯ ಬರಿ ಗರಸು ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡಿಲ್ಲ, ಮರೆಯಿಲ್ಲ. ಮೊಟ್ಟೆಗೂ ಕಲ್ಲಿಗೂ ಒಂದೇ ಬಣ್ಣ. ಅಕ್ಕೋರು ಪ್ರತಿ ವರ್ಷ ಹೋಗಿ, ನೆಲ ನೋಡಿ ಹೆಜ್ಜೆ ಇಟ್ಟು, ದೂರದಲ್ಲಿ ಕೂತು ನೋಡಿ ಬರುತ್ತಾರೆ.

ಈ ವರ್ಷ ಸನ್ನತಿಯ ಗುಡಿಗೆ ಬಂದವರೆಲ್ಲ ಹೊಳೆ ದಾಟತೊಡಗಿದರು. ದಂಡೆಯಲ್ಲಿ ‘ಐಲ್ಯಾಂಡ್ ಪಾಯಿಂಟ್’ ಎಂಬ ಬೋರ್ಡು ಎದ್ದಿತು. ಯಾರೂ ತುಳಿಯದಿರಲಿ ಎಂದು ಅಕ್ಕೋರು ಶಹಾಬಾದ ಫರ್ಸಿಕಲ್ಲಿನ ಚೂರುಗಳನ್ನು ಚೀಲದಲ್ಲಿ ಹೊತ್ತೊಯ್ದು, ಮೊಟ್ಟೆಗಳಿದ್ದ ಕಡೆಯಲ್ಲೆಲ್ಲ ಸುತ್ತಲೂ ಜೋಡಿಸಿ ಬಂದರು. ಒಟ್ಟು ನಲವತ್ತೊಂದು ಸುತ್ತು. ಇನ್ನು ಹದಿನೈದು ದಿನಕ್ಕೆ ಮರಿ ಹೊರಬೀಳಬೇಕು.

ಒಂದು ವಾರ ಬಿಟ್ಟು ರವಿವಾರ ಹೋಗಿ ನೋಡಿದರೆ ಸುತ್ತುಗಳ ಒಳಗೆ ಕಲ್ಲಿನ ಮೇಲೆ ಕಲ್ಲು. ಮೂರು ಅಂತಸ್ತು, ಐದು ಅಂತಸ್ತು. ಸೇಡಂ ಕಡೆಯ ಒಬ್ಬ ಹೆಂಗಸು ಒಂದಕ್ಕೆ ಅರಿಶಿನ ಹಚ್ಚುತ್ತಿದ್ದಳು.

“ಏನ್ ಮಾಡ್ಲಿಕತ್ತೀರಿ?”

“ಮನಿ ಆಗಲಿ ಅಂತ ಬೇಡ್ಕೊಳ್ಳಿಕತ್ತೀನ್ರಿ. ಯಾರೋ ಫರ್ಸಿ ಇಟ್ಟು ಜಾಗ ತೋರಿಸ್ಯಾರ. ಭಾಳ ಸತ್ಯದ ಜಾಗ ಅಂತ. ನೀವೂ ಒಂದ್ ಇಡ್ರಿ.”

“ಆ ಫರ್ಸಿ ಇಟ್ಟಾಕಿ ನಾನೇ.”

ಹೆಂಗಸು ಎದ್ದು ನಿಂತು ಕೈ ಮುಗಿದಳು. “ಹೌದೇನ್ರಿ? ಎಷ್ಟು ಅಂತಸ್ತಿಂದು ಆಯ್ತ್ರಿ ನಿಮ್ಮನಿ?”

ಅಕ್ಕೋರು ಬಗ್ಗಿ ಕಲ್ಲುಗಳನ್ನು ಒಂದೊಂದಾಗಿ ತೆಗೆದರು. ಕೊನೆಯ ಕಲ್ಲಿನ ಅಡಿಗೆ ಒಡೆದ ಚಿಪ್ಪು ಅಂಟಿಕೊಂಡಿತ್ತು. ಇರುವೆ ಮುತ್ತಿದ್ದವು. ಹೆಂಗಸು ಅದನ್ನು ನೋಡಿ ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಆಚೆ ತುದಿಯಲ್ಲಿ ಒಂಬತ್ತು ಸುತ್ತು ಮಾತ್ರ ಹಾಗೇ ಉಳಿದಿದ್ದವು. ಮೇಲೆ ಹಕ್ಕಿಗಳು ಗಿರಕಿ ಹೊಡೆಯುತ್ತ ಅರಚುತ್ತಿದ್ದವು.

ಮರಳಿ ಹೊರಡಲು ದೋಣಿ ತುಂಬಿತ್ತು. ನಡೆಸುವವನು ರಮೇಶಕುಮಾರ, ಅಕ್ಕೋರ ಹಳೆಯ ವಿದ್ಯಾರ್ಥಿ. ಅವರು ದೋಣಿಯ ಅಂಚು ಹಿಡಿದು ನಿಂತರು, ಹತ್ತಲಿಲ್ಲ.

“ರಮೇಶಾ, ಒಂಬತ್ತು ಉಳಿದಾವ. ಎಂಟು ದಿನ ದೋಣಿ ಬಂದ್ ಮಾಡು.”

“ನಾಳಿ ಅಮಾಸಿ ಅದರಿ ಅಕ್ಕೋರ. ನಾಲ್ಕು ಟೆಂಪೋ ಮಂದಿ ಬರ್ತದ. ಹಕ್ಕಿ ಮುಂದಿನ ವರ್ಷ ಮತ್ತ ತತ್ತಿ ಇಡ್ತಾವ ತಗೋರಿ.”

“ಏಳನೇ ಕ್ಲಾಸಿನ್ಯಾಗೂ ಹಿಂಗೇ ಅಂತಿದ್ದಿ. ಮುಂದಿನ ವರ್ಷ ಪಾಸ್ ಆಗ್ತೀನಿ ಅಂತ.”

ದೋಣಿಯಲ್ಲಿದ್ದವರು ನಕ್ಕರು. ರಮೇಶನೂ ನಕ್ಕ. “ಆದ್ನಲ್ರಿ ಮತ್ತ! ಮಂದಿಗಿ ನಾ ಏನಂತ ಹೇಳ್ಲಿ? ಕಲ್ಲು ಇಟ್ಟೋರು ನೀವೇ ಅಲ್ರಿ?”

ನಗು ಅಷ್ಟಕ್ಕೇ ನಿಂತಿತು. ಅಕ್ಕೋರು ಅಂಚಿನ ಮೇಲಿನ ಕೈ ತೆಗೆದರು.

“ಹೌದು, ನಾನೇ. ನಾಳಿ ಎಷ್ಟು ಮಂದೀನ ತರ್ತಿ ತಾ. ಎಂಟು ದಿನ ನಾ ಅಲ್ಲೇ ಕುಂತು ಒಬ್ಬೊಬ್ಬರಿಗೂ ಕಲ್ಲಿನಡಿ ಒಡೆದ ತತ್ತಿ ಚಿಪ್ಪು ತೋರಿಸ್ತೀನಿ” ಎನ್ನುತ್ತ, ಮಾತು ಮುಗಿಯುವ ಮೊದಲೇ ತಿರುಗಿ, ಸೀರೆ ಎತ್ತಿಕೊಂಡು, ಆ ಒಂಬತ್ತು ಸುತ್ತುಗಳಿದ್ದ ತುದಿಯ ಕಡೆ ನಡೆದರು.