ಹಮೀದನ ತೂಕ

ಹಮೀದ್ ಮೋಸ ಮಾಡಲಿಲ್ಲ. ಮೋಸ ಮಾಡಿದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದದೆ ನೀವು ಪುಟ ತಿರುಗಿಸಿದರೂ ಇಷ್ಟು ಗೊತ್ತಾಗಿರಲಿ.

ಕುವೈತಿನಲ್ಲಿರುವ ನಮ್ಮ ಕರಾವಳಿಯವರ ಶುಕ್ರವಾರದ ಕಬಡ್ಡಿ ಲೀಗಿಗೆ ಈಗ ಚರಿತ್ರೆಯ ಪುಸ್ತಕ ಆಗುತ್ತಿದೆ. ಕಾರ್ಯದರ್ಶಿ ಪ್ರವೀಣ ಮನೆಗೆ ಬಂದು, "ಬಾಯಿ, ಶುರುವಿನಿಂದ ಇದ್ದವರಲ್ಲಿ ಲೀಗಿನಲ್ಲಿ ಉಳಿದದ್ದು ನೀವೇ. ಎರಡು ಪುಟ ಬರೆದು ಕೊಡಿ ಮಾರಾಯ್ರೆ. ಆ ಹಮೀದ್ ತೂಕದ ಕಥೆ ಮಾತ್ರ ಬಿಡ್ಬೇಡಿ, ಜನ ನಗಾಡ್ತಾರೆ" ಎಂದ. ಇಲ್ಲಿ ಎಲ್ಲರೂ ನನ್ನನ್ನು ಅಕ್ಕ ಎಂಬ ಹಾಗೆ ಬಾಯಿ ಎಂದೇ ಕರೆಯುವುದು. ನಾನು ಐದನೆಯ ಕ್ಲಾಸು ಮುಗಿಸದವಳು. ಬರೆಯಲಿಕ್ಕೆ ಹದಿನೈದು ದಿನ ಹಿಡಿಯಿತು. ಮಗಳು ತಿದ್ದಿದ್ದಾಳೆ, ಅಕ್ಷರವನ್ನು ಮಾತ್ರ.

ಈಗಿನವರಿಗೆ ಹಮೀದ್ ಅಂದರೆ ಮನುಷ್ಯ ಅಲ್ಲ, ಒಂದು ಮಾತು. ಊರಿಗೆ ಹೊರಡುವಾಗ ಸೂಟ್‌ಕೇಸು ತೂಗುವವರು ಮೂಲೆಯಲ್ಲಿ ಬೆರಳು ಕೊಟ್ಟು ಎತ್ತಿದರೆ, "ಏಯ್, ಹಮೀದ್ ತೂಕ ಮಾಡ್ಬೇಡ" ಎನ್ನುತ್ತಾರೆ. ನನ್ನ ಅಳಿಯನೂ ಹೇಳಿದ. ಪಕ್ಕದಲ್ಲಿದ್ದ ಮೊಮ್ಮಗಳು, "ಹೂ ಈಸ್ ಹಮೀದ್, ಗ್ರ್ಯಾನಿ?" ಎಂದು ಕೇಳಿದಳು. ನಾನು ಸೂಟ್‌ಕೇಸಿನ ಬೀಗ ಹುಡುಕುವವಳ ಹಾಗೆ ಒಳಗೆ ಹೋದೆ. ಇಷ್ಟು ವರ್ಷ ಹಾಗೆಯೇ ಒಳಗೆ ಹೋಗುತ್ತಾ ಬಂದಿದ್ದೇನೆ.

ಲೀಗು ಶುರುವಾದಾಗ ಮೂರೇ ತಂಡ. ಶುಐಬಾದ ಬಂದರಿನವರು, ಪ್ಲಾಂಟಿನವರು ಸೇರಿ ಒಂದು. ಅರ್ದಿಯಾದ ಗೋಡೌನಿನವರದ್ದು ಒಂದು. ಜಾಬ್ರಿಯಾದ ಆಸ್ಪತ್ರೆ, ಆಫೀಸುಗಳವರದ್ದು ಒಂದು. ಈಗ ಶಾಲೆಯ ಹಾಲಿನಲ್ಲಿ ಮ್ಯಾಟ್ ಹಾಸಿ, ಏಸಿಯಲ್ಲಿ ಆಡುತ್ತಾರೆ. ಆಗ ಅರ್ದಿಯಾದ ಗೋಡೌನುಗಳ ಹಿಂದಿನ ಮರಳು. ಆಟಕ್ಕೆ ಮುಂಚೆ ಎಲ್ಲರೂ ಕೂತು ಮರಳನ್ನು ಜರಡಿ ಹಿಡಿಯುತ್ತಿದ್ದರು. ಗಾಜಿನ ಚೂರು, ಮೊಳೆ, ತಂತಿ ಎಲ್ಲ ಬರುತ್ತಿತ್ತು. ಸುಣ್ಣದ ಗೆರೆ ಗಾಳಿಗೆ ನಿಲ್ಲುವುದಿಲ್ಲ, ಅದಕ್ಕೆ ಹಗ್ಗ ಹುಗಿದು ಗೆರೆ ಮಾಡುತ್ತಿದ್ದರು. ಕಪ್ ಎಂದರೆ ಅರಬರು ಕಾಫಿ ಬಗ್ಗಿಸುವ ದೊಡ್ಡ ಹಿತ್ತಾಳೆಯ ಹೂಜಿ. ಗೆದ್ದವರು ಅದರಲ್ಲೇ ಚಾ ಮಾಡಿ ಸೋತವರಿಗೂ ಕುಡಿಸುತ್ತಿದ್ದರು.

ನಾನು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಆಯಾ ಆಗಿದ್ದೆ. ಜಾಬ್ರಿಯಾ ತಂಡದವರ ಜೆರ್ಸಿ ಒಗೆದು ಕೊಡುತ್ತಿದ್ದೆ. ಯಾರೂ ಹೇಳಿದ್ದಲ್ಲ, ಬೆವರು ನಾರುತ್ತಿತ್ತು, ಒಗೆದೆ.

ಶುಐಬಾದವರು ಹೊರೆ ಹೊರುವ ಗಂಡಸರು, ಆಳು ದಪ್ಪ. ಉಳಿದವರು ಹೆದರಿದ್ದಕ್ಕೆ ಅರವತ್ತೈದು ಕಿಲೋದ ಒಳಗಿನವರು ಮಾತ್ರ ಆಡಬೇಕೆಂದು ನಿಯಮ ಆಯಿತು. ಮೊದಲ ಎರಡು ವರ್ಷ ಅವರವರ ತಂಡದವರನ್ನು ಅವರವರೇ ತೂಗಿ ಚೀಟಿ ಕೊಡುತ್ತಿದ್ದರು. ಎರಡು ವರ್ಷವೂ ಶುಐಬಾ ಗೆದ್ದಿತು. ಹಮೀದ್ ಅವರ ರೈಡರ್. ಬ್ಯಾರಿ ಹುಡುಗ, ಉದ್ದ ಕೈ, ನಾಲ್ವರು ಕಾಲು ಹಿಡಿದರೂ ಅವರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಿದ್ದ. ಅವನ ಮೈಯ ತೂಕ ಅರವತ್ತೆಂಟು, ಅರವತ್ತೊಂಬತ್ತು. ಲೀಗಿನ ತಿಂಗಳು ಬಂತೆಂದರೆ ಅನ್ನ ಬಿಟ್ಟು, ನೀರು ಅಳೆದು ಕುಡಿದು ಇಳಿಸುತ್ತಿದ್ದ.

ಆಗ ಗೊಣಗಾಟ ಶುರುವಾಯಿತು. "ಅವ್ರು ಖರ್ಜೂರದ ಮೂಟೆ ತೂಗುವ ಕಾಟಾದಲ್ಲಿ ಮನುಷ್ಯರನ್ನು ತೂಗುದು. ಮೂಟೆಗೊಂದು ಲೆಕ್ಕ, ಹಮೀದನಿಗೊಂದು ಲೆಕ್ಕ" ಎಂದು ಜಾಬ್ರಿಯಾದವರೇ ಹೆಚ್ಚು ಹೇಳಿದ್ದು. ಮೂರನೆಯ ವರ್ಷ ನಮ್ಮ ಕ್ಲಿನಿಕ್ಕಿನವರು ಹೊಸ ತೂಕದ ಯಂತ್ರ ತಂದು ಹಳೆಯದನ್ನು ಲೀಗಿಗೆ ಕೊಟ್ಟರು. ಕೆಳಗೆ ತಗಡಿನ ಹಲಗೆ, ಹಿಂದೆ ಕಬ್ಬಿಣದ ಕಂಬ, ಮೇಲೆ ಸರಳು, ಸರಳಿನ ಮೇಲೆ ಜಾರಿಸುವ ಗುಂಡು. ಹನ್ನೊಂದು ವರ್ಷ ನಾನೇ ಒರೆಸಿ ಇಟ್ಟ ಯಂತ್ರ, ರೋಗಿಗಳನ್ನು ನಾನೇ ತೂಗಿದ ಯಂತ್ರ. "ತೂಗುದು ಬಾಯಿಯೇ ಆಗ್ಲಿ. ಅವ್ರಿಗೆ ಮುಖ ನೋಡಿ ಮಾತಾಡುವ ಅಭ್ಯಾಸವೇ ಇಲ್ಲ" ಎಂದರು ಲೀಗಿನ ಕಮಿಟಿಯವರು. ಹೊಗಳಿದ್ದೋ ಬೈದದ್ದೋ, ನನಗೆ ಹಿಡಿಸಿತು.

ಒಂದು ಸಂಗತಿ ಹೇಳಬೇಕು — ಗಂಡಸರು ನನ್ನ ಮುಂದೆ ಚಡ್ಡಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಫೋರ್‌ಮನ್, ಅಕೌಂಟೆಂಟ್, ಎಲ್ಲರೂ. ನಾನು ಗುಂಡು ಜಾರಿಸುವಾಗ ಉಸಿರು ಹಿಡಿಯುತ್ತಿದ್ದರು, ಉಸಿರು ಹಿಡಿದರೆ ಭಾರ ಇಳಿಯುವುದೋ ಎಂಬ ಹಾಗೆ. ನಾನು "ಪಾಸ್" ಎಂದರೆ ಪಾಸ್. ಜೀವಮಾನದಲ್ಲಿ ಬೇರೆಲ್ಲೂ ನನ್ನ ಮಾತಿಗಾಗಿ ಯಾರೂ ಹಾಗೆ ಕಾದು ನಿಂತದ್ದಿಲ್ಲ.

ಫೈನಲ್ ಶುಐಬಾಕ್ಕೂ ಜಾಬ್ರಿಯಾಕ್ಕೂ. ಗೋಡೌನಿನ ಒಂದು ಕೋಣೆಯಲ್ಲಿ ಯಂತ್ರ ಇಟ್ಟು, ಸರಳನ್ನು ಸೊನ್ನೆಗೆ ತಂದು, ಮೊದಲು ಜಾಬ್ರಿಯಾದವರನ್ನು ತೂಗಿದೆ. ಎಲ್ಲರೂ ಪಾಸ್. ಶುಐಬಾದವರ ಬಸ್ಸು ತಡವಾಗಿ ಬಂತು. ಅವರು ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು ಒದ್ದೆ ಕಾಲಲ್ಲೇ ಒಳಗೆ ಬಂದರು. ನನ್ನ ಯಂತ್ರ ತುಕ್ಕು ಹಿಡಿದೀತೆಂದು ನಾನು ಒಂದು ದಪ್ಪ ಸ್ನಾನದ ಟವಲನ್ನು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿದೆ.

ಕ್ಲಿನಿಕ್ಕಿನಲ್ಲಿ ಮಗುವನ್ನು ತೂಗುವಾಗಲೂ ಬಟ್ಟೆ ಹಾಸುತ್ತೇವೆ. ಆದರೆ ಬಟ್ಟೆ ಹಾಸಿದ ಮೇಲೆ ಸರಳನ್ನು ಮತ್ತೆ ಸೊನ್ನೆಗೆ ತರಬೇಕು. ಯಾವ ಆಯಾಳನ್ನಾದರೂ ಕೇಳಿ, ಹೇಳುತ್ತಾಳೆ. ಅವತ್ತು ನಾನು ತರಲಿಲ್ಲ. ಮರೆತೆ. ಅಲ್ಲಿಯವರೆಗಿನದು ಮರೆವು.

ಶುಐಬಾದವರಲ್ಲಿ ಹಮೀದ್ ಕೊನೆಗೆ ಹತ್ತಿದ. ತುಟಿ ಒಣಗಿ ಬಿಳಿ ಆಗಿತ್ತು. ಗುಂಡು ಅರವತ್ತೈದರಲ್ಲಿ ನಿಲ್ಲಲಿಲ್ಲ. ನಾನೂರು ಗ್ರಾಂ ಹೆಚ್ಚು.

"ಬಾಯಮ್ಮ, ಇದು ಆಗ್ಲಿಕ್ಕಿಲ್ಲ. ಬೆಳಿಗ್ಗೆ ನಾನು ಅರವತ್ತೈದಕ್ಕೆ ಕಮ್ಮಿ ಇದ್ದೆ" ಎಂದ.

"ಮೂಟೆಯ ಕಾಟಾದಲ್ಲಾ?" ಎಂದೆ. ಜಾಬ್ರಿಯಾದವರು ನಕ್ಕರು.

"ಈ ಟವಲಿನ ಭಾರ ಲೆಕ್ಕಕ್ಕುಂಟಾ ಬಾಯಮ್ಮ?"

"ನನಗೆ ತೂಗ್ಲಿಕ್ಕೆ ಕಲಿಸ್ಬೇಡ. ನೀನು ಹುಟ್ಟುವ ಮೊದ್ಲೇ ನಾನು ತೂಗಿದ್ದು. ಬೇಕಾದ್ರೆ ಓಡಿ ಬಾ, ಅರ್ಧ ಗಂಟೆ ಟೈಮ್ ಉಂಟು. ಯಲ್ಲಾ, ಹೊರಡು."

ಹುಟ್ಟುವ ಮೊದಲು ಎಂಬುದು ಸುಳ್ಳು, ಅವನಿಗೂ ನನಗೂ ಅಷ್ಟು ವಯಸ್ಸಿನ ಅಂತರ ಇಲ್ಲ. ಎಲ್ಲರೂ ಮತ್ತೆ ನಕ್ಕರು.

ಅವನು ಎರಡು ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಗೋಡೌನಿಗೆ ಸುತ್ತು ಬಂದ. ಕಿಟಕಿಯ ಮುಂದೆ ಹಾದುಹೋಗುವುದು ಕಾಣುತ್ತಿತ್ತು. ಬಾಯೊಳಗೆ ಲಿಂಬೆ ಸಿಪ್ಪೆ ಇಟ್ಟುಕೊಂಡು ಉಗುಳು ಉಗುಳುತ್ತಾ ಓಡುತ್ತಿದ್ದ. ಕೋಣೆಯಲ್ಲಿ ಆಗ ನಾನೊಬ್ಬಳೇ. ಗುಂಡನ್ನು ಸೊನ್ನೆಗೆ ಜಾರಿಸಿ, ಟವಲ್ ಬದಲಿಸೋಣ ಎಂದು ಎತ್ತಿದೆ. ಸರಳು ನೆಟ್ಟಗೆ ಸಮ ಆಗಿ ನಿಂತಿತು. ಮತ್ತೆ ಇಟ್ಟೆ. ಎದ್ದಿತು. ಗುಂಡು ಜಾರಿಸಿ ನೋಡಿದೆ. ಒದ್ದೆ ಟವಲ್ ಒಂದೇ ಅರ್ಧ ಕಿಲೋದ ಮೇಲೆ ಇತ್ತು.

ಅಂದರೆ ಹಮೀದ್ ಪಾಸ್. ಓಡುವ ಮೊದಲೇ ಪಾಸ್.

ಕಿಟಕಿಯಿಂದ ಕರೆದರೆ ಸಾಕಿತ್ತು. "ಏಯ್ ಹಮೀದ್, ನಿಲ್ಲು, ನನ್ನದೇ ತಪ್ಪು" — ಇಷ್ಟೇ ಮಾತು. ಬಾಯಿ ಬರಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಇರಲಿಲ್ಲ, ಯಂತ್ರ ಲೀಗಿನದ್ದು. ನಮ್ಮ ಜಾಬ್ರಿಯಾ ಗೆಲ್ಲಲಿ ಎಂದೂ ಅಲ್ಲ — ಸ್ವಲ್ಪ ಇತ್ತೋ ಏನೋ, ಈಗ ಹೇಗೆ ಹೇಳುವುದು. ಆದರೆ ದೊಡ್ಡದು ಅದಲ್ಲ. ಹತ್ತು ನಿಮಿಷದ ಹಿಂದೆ ಅಷ್ಟು ಜನರ ಮುಂದೆ ನನಗೆ ಕಲಿಸಬೇಡ ಎಂದಿದ್ದೆ. ಈಗ ಅದೇ ಜನರ ಮುಂದೆ, ಆಯಾಗೆ ಟವಲ್ ಹಾಸಲಿಕ್ಕೂ ಬರುವುದಿಲ್ಲ ಎಂದು ಆಗಬೇಕಿತ್ತು. ಅದು ನನಗೆ ಬೇಡವಾಗಿತ್ತು.

ಟವಲನ್ನು ಮತ್ತೆ ಹಾಸಿದೆ. ಅದೇ ಟವಲ್, ಅದೇ ನಾಲ್ಕು ಮಡಿಕೆ. ಇದು ಮರೆವಲ್ಲ.

ಅವನು ಏದುಸಿರು ಬಿಡುತ್ತಾ ಬಂದು ಹತ್ತಿದ. ಇನ್ನೂರು ಗ್ರಾಂ ಇಳಿಸಿದ್ದ. ಇನ್ನೂರು ಉಳಿದಿತ್ತು. "ಇಲ್ಲ" ಎಂದೆ. ಅವನು, "ಯಂತ್ರ ಸರಿ ಇಲ್ಲ" ಎಂದು ಕೂಗಿದ. ಕಮಿಟಿಯವರು ನನ್ನ ಮುಖ ನೋಡಿದರು. ಆಗ ನಾನು ಹೇಳಿದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ:

"ಯಂತ್ರ ಸರಿಯೇ ಉಂಟು. ಹೋದ ಎರಡು ವರ್ಷ ಇವ ಹೇಗೆ ಪಾಸಾದ ಅಂತ ಕೇಳಿ."

ಯಾರೂ ನನ್ನ ಹತ್ತಿರ ಅದನ್ನು ಕೇಳಿರಲಿಲ್ಲ. ನಾನಾಗಿ ಹೇಳಿದೆ.

ಹಮೀದ್ ಇಲ್ಲದ ಶುಐಬಾ ಸೋತಿತು. ಮುಂದಿನ ವಾರ ಕಮಿಟಿ ಕೂತು, ಹಿಂದಿನ ಎರಡು ವರ್ಷದ ಗೆಲುವನ್ನೂ ಕಿತ್ತು ಜಾಬ್ರಿಯಾಕ್ಕೆ ಕೊಟ್ಟಿತು. ಹಮೀದನನ್ನು ಲೀಗಿನಿಂದ ಹೊರಗೆ ಹಾಕಿತು. ಶುಐಬಾದವರು ಎರಡು ಹೂಜಿಗಳನ್ನು ಚೀಲದಲ್ಲಿ ಕಟ್ಟಿ ತಂದು ಗೋಡೌನಿನ ಬಾಗಿಲಲ್ಲಿ ಇಟ್ಟು ಹೋದರು. ಆ ಪುಸ್ತಕದಲ್ಲಿ ಮೊದಲ ಮೂರು ವರ್ಷದ ಎದುರು "ಜಾಬ್ರಿಯಾ, ಜಾಬ್ರಿಯಾ, ಜಾಬ್ರಿಯಾ" ಎಂದು ಅಚ್ಚಾಗಲಿಕ್ಕೆ ಇಟ್ಟಿದ್ದಾರೆ. ಅಲ್ಲಿ ಜಾಬ್ರಿಯಾ ಗೆದ್ದದ್ದು ಒಂದೂ ಅಲ್ಲ. ನಾನು ಇನ್ನೂ ಆರು ವರ್ಷ ತೂಗಿದೆ. "ಬಾಯಿ ತೂಗಿದ ಮೇಲೆ ಖಲಾಸ್, ಮಾತಿಲ್ಲ" ಎನ್ನುತ್ತಿದ್ದರು.

ಹಮೀದ್ ಈಗ ಅರ್ದಿಯಾದಲ್ಲಿ ಒಂದು ಸಣ್ಣ ಕೆಫೆಟೇರಿಯಾ ನೋಡಿಕೊಳ್ಳುತ್ತಿದ್ದಾನೆ. ಇದನ್ನು ಬರೆಯುವ ಮೊದಲು ಅಲ್ಲಿಗೆ ಹೋದೆ. ಗಡ್ಡ ಬೆಳ್ಳಗಾಗಿದೆ, ಹೊಟ್ಟೆ ಬಂದಿದೆ. ಗುರುತು ಹಿಡಿದ.

"ಬನ್ನಿ ಬನ್ನಿ ಬಾಯಮ್ಮ. ಎಂತ, ತೂಗ್ಲಿಕ್ಕೆ ಬಂದದ್ದಾ? ಈಗ ತೊಂಬತ್ತು ಉಂಟು ನಾನು" ಎಂದು ನಕ್ಕು, "ಏ ಭಾಯಿ, ಬಾಯಮ್ಮನಿಗೆ ಒಂದು ಚಾ, ಸಕ್ಕರೆ ಕಮ್ಮಿ" ಎಂದ.

ಚಾ ಬರುವ ಮೊದಲೇ ಹೇಳಿ ಮುಗಿಸಿದೆ. ಟವಲ್, ಸರಳು, ಕಿಟಕಿ, ಎಲ್ಲ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮೇಜು ಒರೆಸುತ್ತಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ.

"ಹಾಗಾದ್ರೆ ನೀರಿನಿಂದ ಅಲ್ಲ" ಎಂದ.

"ಯಾವ ನೀರು?"

ಆಗ ಹೇಳಿದ. ಶುಐಬಾದ ಕ್ಯಾಂಪಿನಲ್ಲಿ ಅವನ ಪಕ್ಕದ ಮಂಚದವನು ಮೋನಪ್ಪ. ಬಂಟ್ವಾಳದ ಕಡೆಯ ತುಳುವ, ಕ್ರೇನಿನ ಕೆಲಸದವನು. ಫೈನಲಿನ ದಿನ ಕ್ಯಾಂಪಿನಲ್ಲಿ ತೂಗಿಸಿಕೊಂಡು ಬಂದ ಮೇಲೆ ಹಮೀದನಿಗೆ ಕಣ್ಣು ಕತ್ತಲೆ ಬಂತಂತೆ. ಮೋನಪ್ಪ ಬೈದು, ಗದ್ದ ಹಿಡಿದು ಅರ್ಧ ಗ್ಲಾಸು ನೀರು ಕುಡಿಸಿದನಂತೆ. ಇನ್ನೂರು ಗ್ರಾಂ ಉಳಿದದ್ದು ಆ ನೀರು ಎಂದು ಹಮೀದ್ ಲೆಕ್ಕ ಹಾಕಿದ.

"ಅವ ಬೇಕಂತಲೇ ಕುಡಿಸಿದ್ದು ಅಂತ ಹೇಳಿದೆ ಬಾಯಮ್ಮ. ಜಾಬ್ರಿಯಾದವ್ರು ಹೇಳಿ ಕುಡಿಸಿದ್ದು ಅಂತ. ಕ್ಯಾಂಪಿನವರೆಲ್ಲರ ಮುಂದೆ. ಅವ ಎಂತದೂ ಮಾತಾಡ್ಲಿಲ್ಲ, ಮಂಚ ಬದ್ಲಿಸಿದ. ನಾಲ್ಕು ವರ್ಷ ಒಂದೇ ಬಸ್ಸಲ್ಲಿ ಹೋದದ್ದು ನಾವು, ಮಾತಿಲ್ಲ. ಮತ್ತೆ ಊರಿಗೆ ಹೋದ. ತೀರಿಕೊಂಡ ಸುದ್ದಿ ಬಂತು."

ನಾನು ಅದುವರೆಗೆ ಒಬ್ಬನ ಲೆಕ್ಕ ಹಿಡಿದುಕೊಂಡು ಹೋಗಿದ್ದೆ. ಅಲ್ಲಿ ಇಬ್ಬರು ಇದ್ದರು. ಕ್ಷಮಿಸು ಎನ್ನಲಿಕ್ಕೆ ತಯಾರಾಗಿ ಹೋಗಿದ್ದವಳು ಆ ಮಾತನ್ನು ಹೊರಗೆ ತೆಗೆಯಲಿಲ್ಲ — ತೆಗೆದು ಎಲ್ಲಿ ಇಡುವುದು?

"ಪುಸ್ತಕದಲ್ಲಿ ಬರೆಯುತ್ತೇನೆ. ಈ ವರ್ಷದ ಫೈನಲ್ ದಿನ ಮೈಕಿನಲ್ಲೂ ಹೇಳುತ್ತೇನೆ. ಎರಡು ವರ್ಷದ ಕಪ್ ಶುಐಬಾದ್ದು, ನೀನು ಮೋಸದವ ಅಲ್ಲ ಅಂತ" ಎಂದೆ.

"ಅದು ನಿಮ್ಮ ಇಷ್ಟ. ನನ್ನ ಆಟ ಮುಗೀತು, ಮೊಣಕಾಲಿಗೆ ಬಲವೇ ಇಲ್ಲ ಈಗ" ಎಂದ. ಬಟ್ಟೆಯನ್ನು ಮೇಜಿನ ಮೇಲಿಟ್ಟು, "ಮೋನಪ್ಪನ ಹೆಂಡತಿಯ ನಂಬರ್ ನಾನು ಹುಡುಕಿ ಕೊಡ್ತೇನೆ. ಮಾತಾಡುದು ನೀವು. ನನಗೆ ಆಗುದಿಲ್ಲ" ಎಂದ.

ಚಾ ಆರಿತ್ತು. ಕುಡಿದು ಬಂದೆ.

ನಾಲ್ಕನೆಯ ದಿನ ನಂಬರ್ ಬಂತು. ಫೋನು ಮಾಡಿದೆ. ನಾನು ಯಾರು, ಎಲ್ಲಿಯವಳು ಎಂದು ಹೇಳಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ನಿಮ್ಮ ಗಂಡ ಕುಡಿಸಿದ ನೀರಿನಿಂದ ಏನೂ ಆಗಲಿಲ್ಲ, ಅದು ನಾನು ಹಾಸಿದ ಟವಲ್ ಎಂದೆ. ಆ ಹೆಂಗಸು ನಡುವೆ ಬಾಯಿ ಹಾಕದೆ ಕೇಳಿದರು. ಅವರ ಹಿಂದೆ ಕುಕ್ಕರ್ ಕೂಗಿತು, ಯಾರೋ ಗ್ಯಾಸ್ ಆರಿಸಿದರು.

"ಅವ್ರು ಇದನ್ನು ನನ್ನ ಹತ್ರ ಹೇಳಿದ್ರು. ನಾನೇ ಹಮೀದನನ್ನು ಸೋಲಿಸಿದೆ, ನೀರು ಕೊಡ್ಬಾರ್ದಿತ್ತು ಅಂತ. ಅವ್ರೂ ಹಾಗೇ ನಂಬಿದ್ರು" ಎಂದರು.

ಮತ್ತೆ ಕೇಳಿದರು: "ಅವ್ರು ತೀರಿಕೊಂಡು ಹದಿನೆಂಟು ವರ್ಷ ಆಯ್ತು. ಈಗ ಯಾಕೆ ಹೇಳ್ತೀರಿ?"

ಅವರು ಸ್ವಲ್ಪ ಕಾದರು. ಆಮೇಲೆ ಫೋನು ಇಟ್ಟರು.