ಹರಕೆ ತೀರಿದ ಮೇಲಿನ ಗುಳಿಗೆ

ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹರಡಿದ ಕೆಂಪು ಕಲೆ, ಯಾರೋ ಕುಂಕುಮದ ಕೈ ಒರೆಸಿದ ಹಾಗೆ. ಬಿಸಿಲು ತಾಕಿದರೆ ಇನ್ನೂ ಕೆಂಪೇರುತ್ತಿತ್ತು. ಸಿರುಗುಪ್ಪದಲ್ಲಿದ್ದು ಬಿಸಿಲು ತಪ್ಪಿಸಿಕೊಳ್ಳುವುದಾದರೂ ಹೇಗೆ? ಎಪ್ಪತ್ತರ ದಶಕದ ನಡುವೆ ನಾನು ಕಿರಿಯ ಸೊಸೆಯಾಗಿ ಬಂದಾಗ ನನ್ನ ನೆಗೆಣ್ಣಿಯನ್ನು, ಮನೆಯ ಹಿರಿಯ ಸೊಸೆಯನ್ನು, ಗುರುತಿಟ್ಟುಕೊಂಡಿದ್ದು ಆ ಕಲೆಯಿಂದಲೇ. ಅಕ್ಕ ಎನ್ನುತ್ತಿದ್ದೆ.

ಬೆಳಿಗ್ಗೆ ಅಕ್ಕನಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಲೆಯ ಮುಂದೆ ಕಾಯಿಸಿಕೊಂಡೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆದರೂ ನಾನು ಬಡಿದದ್ದನ್ನು ನೋಡಿ, "ತಂಗಿ, ಇದು ರೊಟ್ಟಿನೋ, ಆಂಧ್ರದ ನಕಾಶಿನೋ?" ಎಂದು ನಗುತ್ತಿದ್ದಳು.

ಬಳ್ಳಾರಿಯ ಡಾಕ್ಟರು ಅತ್ತೆಯನ್ನೂ ನಮ್ಮನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು: "ಮನಿ ಕಾಯೋ ನಾಯಿನೇ ಮನಿಯವ್ರನ್ನ ಕಚ್ಚಾಕ ಹತ್ತೈತಿ ಅಂತ ತಿಳ್ಕೊಳ್ರಿ. ಮೈ ಕಾಯೋ ಶಕ್ತಿ ಮೈಯನ್ನೇ ತಿನ್ನತೈತಿ. ಈ ಗುಳಿಗಿ ಅದಕ್ಕ ಸರಪಳಿ. ನಾಯಿ ಸುಮ್ನಾತು ಅಂತ ಬಿಚ್ಚಬ್ಯಾಡ್ರಿ."

ಗುಳಿಗೆಯಿಂದ ನೋವು ಇಳಿಯಿತು, ಕಲೆ ಮಾಸಿತು, ಮುಖ ದುಂಡಗಾಯಿತು. ಅದು ಗುಳಿಗೆಯ ಉಬ್ಬರ. ಓಣಿಯ ಹೆಂಗಸರಿಗೆ ಮಾತ್ರ ಸೊಸೆ ಮೈ ತುಂಬಿಕೊಂಡಂತೆ ಕಂಡಿತು. ಅತ್ತೆಗೂ ಹಾಗೇ ಕಂಡಿತು. ಸೊಸೆಯ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ಅವರು ಹಲಕುಂದಿಯ ಗುಡಿಗೆ ಹೋಗಿ, ಅವಳ ಬೇನೆಗೆಂದು ಹೊತ್ತಿದ್ದ ಹರಕೆ ತೀರಿಸಿ ಬಂದರು. ಹರಕೆ ತೀರಿದ ಮೇಲೆ ಅದೇ ಬೇನೆಗೆ ಔಷಧಿ ತಿನ್ನಬಾರದೆಂಬುದು ನಮ್ಮ ಮನೆಯ ನಡಾವಳಿ. ತಿಂದರೆ ದೇವರ ಮೇಲೆ ಅನುಮಾನಪಟ್ಟಂತೆ.

"ಡಾಕ್ಟರು ಏನಂದಿದ್ರಕ್ಕಾ?" ಎಂದೆ.

"ಗೊತ್ತೈತಿ ತಂಗಿ. ಅತ್ತಿ ಉಪಾಸ ಇದ್ದು ಹೋಗಿ ಬಂದಾರ. ಅವ್ರ ಮುಂದ ಹೆಂಗ ನುಂಗಲಿ?"

ಬಿಟ್ಟಳು. ತಿಂಗಳೊಪ್ಪತ್ತಿನಲ್ಲಿ ಜ್ವರ ಬಂತು, ಕಾಲು ಬಾತವು. ಬಳ್ಳಾರಿಯಲ್ಲಿ ಗುಳಿಗೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಮೂತ್ರಪಿಂಡ ಕೆಟ್ಟುಹೋಗಿತ್ತು. ಅತ್ತೆ ಹೊರಗೆ ಹೋದಾಗ ಅಕ್ಕ ಡಾಕ್ಟರಿಗೆ ಕೈ ಮುಗಿದಳು. "ಗುಳಿಗಿ ಬಿಟ್ಟಿದ್ದಕ್ಕ ಹಿಂಗಾತು ಅಂತ ಅತ್ತಿಗೆ ಹೇಳಬ್ಯಾಡ್ರಿ. ಹಿರೇ ಜೀವ, ತಡಿಯಂಗಿಲ್ಲ."

ಡಾಕ್ಟರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕ ಅಲ್ಲೇ ತೀರಿಕೊಂಡಳು. ನನಗೆ ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಅವರ ಅಳು ನೋಡಿದ ಮೇಲೆ ಬರಲಿಲ್ಲ.

ಮರುವರ್ಷ ನಾನು ಚಳಿಜ್ವರದಿಂದ ಮಲಗಿದೆ. ಜ್ವರ ಬಿಟ್ಟು, ಅತ್ತೆ ಹರಕೆ ತೀರಿಸಿ ಬಂದ ಮೇಲೂ ಡಾಕ್ಟರು ಹೇಳಿದ ಗುಳಿಗೆ ಇನ್ನೂ ಉಳಿದಿದ್ದವು. ಅತ್ತೆ ನೀರಿನ ತಂಬಿಗೆ ಹಿಡಿದು ಬಂದು, ಗುಳಿಗೆಯನ್ನು ನನ್ನ ಅಂಗೈಗೆ ಹಾಕಿದರು. "ಮುಗಿಯೋ ತನಕ ನುಂಗವ್ವಾ. ದೇವ್ರು ಏನೂ ಅನ್ನಂಗಿಲ್ಲ."

ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಆ ಮನೆಯಲ್ಲಿ ನಾನು ಅಂಜದೆ ನುಂಗಿದ ಒಂದೊಂದು ಗುಳಿಗೆಯೂ ಅಕ್ಕನ ಋಣ.